‘ಏನು ಮಾಡಲಿ, ಹೇಳು’ ಅಂದರೆ ಅವಳಿಗೆ ಸಿಟ್ಟು ಯಾಕೆ?

ಪ್ರಶ್ನೆ: ನನಗೆ 30 ವರ್ಷ, ಹೆಂಡತಿಗೆ 28. ನಮ್ಮ ಮೊದಲ ಮಗುವಿಗೆ ಈಗ 11 ವಾರ. ಮಗು ಆರೋಗ್ಯವಾಗಿದೆ, ಎದೆಹಾಲೇ ಕುಡಿಯುತ್ತದೆ. ಆದರೆ ನಾವಿಬ್ಬರೂ ಮೊದಲಿನ ಹಾಗಿಲ್ಲ. ಸಣ್ಣಪುಟ್ಟದ್ದಕ್ಕೆಲ್ಲ ಜಗಳ. ನಾನು ಕೈಲಾದಷ್ಟು ಮಾಡುತ್ತೇನೆ. ‘ಏನು ಮಾಡಲಿ, ಹೇಳು’ ಅಂತ ಕೇಳಿದರೆ ಅವಳಿಗೆ ಇನ್ನೂ ಸಿಟ್ಟು. ಮಗುವನ್ನು ಎತ್ತಿಕೊಂಡರೆ ‘ಹಾಗಲ್ಲ, ಕೊಡಿ ಇಲ್ಲಿ’ ಅನ್ನುತ್ತಾಳೆ. ಸಂಜೆ ಹೊತ್ತು ಮಗು ನನ್ನ ತೋಳಿನಲ್ಲಿ ಒಂದೇ ಸಮನೆ ಅಳುತ್ತದೆ. ನನಗೆ ಬೆಳಿಗ್ಗೆ ಕೆಲಸ ಅಂತ ಅವಳು ಮಗುವಿನ ಜೊತೆ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಕೈ ಹಿಡಿದರೂ ಸರಿದುಕೊಳ್ಳುತ್ತಾಳೆ. ಇದರ ಮಧ್ಯೆ ನಮ್ಮಮ್ಮ ಒಂದು ಹೇಳಿದರೆ ಅವರಮ್ಮ ಇನ್ನೊಂದು ಹೇಳುತ್ತಾರೆ. ಇತ್ತೀಚೆಗೆ ಆಫೀಸು ಮುಗಿದರೂ ಮನೆಗೆ ಹೊರಡಲು ಮನಸ್ಸಾಗುವುದಿಲ್ಲ. ಇನ್ನೆರಡು ತಿಂಗಳಿಗೆ ಅವಳು ಕೆಲಸಕ್ಕೆ ವಾಪಸ್ ಹೋಗುತ್ತಾಳೆ. ಆಗ ಒಂದು ತಿಂಗಳು ನಾನು ರಜೆ ಹಾಕಿ ಮಗುವನ್ನು ನೋಡಿಕೊಳ್ಳಬೇಕು. ಹೇಗೆ ನಿಭಾಯಿಸುತ್ತೇನೋ ಗೊತ್ತಿಲ್ಲ. ಅವಳಿಗೆ ನನ್ನ ಮೇಲೆ ಪ್ರೀತಿಯೇ ಹೋಯಿತಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ತಲೆಯಲ್ಲಿ ಕೊರೆಯುತ್ತಿದ್ದರೆ ಉಳಿದ ಮಾತು ಒಳಗೆ ಇಳಿಯುವುದಿಲ್ಲ. ಪ್ರೀತಿ ಹೋಗಿದೆ ಅನ್ನುವುದಕ್ಕೆ ನೀವು ಬರೆದಿರುವುದರಲ್ಲಿ ಒಂದು ಲಕ್ಷಣವೂ ನನಗೆ ಕಾಣಲಿಲ್ಲ. ಕಂಡದ್ದು ನಿದ್ದೆಗೆಟ್ಟು ಸೋತುಹೋದ ಹೆಂಗಸು, ತನ್ನ ಮನೆಯಲ್ಲೇ ಹೊರಗಿನವನಂತಾದ ಗಂಡಸು. ಇಬ್ಬರೂ ಪಡಬಾರದ ಕಷ್ಟ ಪಡುತ್ತಿದ್ದೀರಿ. ಆದರೆ ಬೇರೆ ಬೇರೆ ಕೋಣೆಯಲ್ಲಿ, ಒಬ್ಬರ ಕಷ್ಟ ಇನ್ನೊಬ್ಬರ ಕಣ್ಣಿಗೆ ಬೀಳದ ಹಾಗೆ.

ನಿದ್ದೆಯಿಂದ ಶುರು ಮಾಡೋಣ. ಜಗಳ ಇಳಿಯಬೇಕಾದರೆ ಮೊದಲು ಸರಿಯಾಗಬೇಕಾದದ್ದು ಅದೇ.

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ಅಂತ ನೀವೂ ಕೇಳಿರುತ್ತೀರಿ. ಕೇಳಿದವರಿಗೆ ‘ಹಾಗಾದರೆ ತಾಯಿಗೂ ಬೇಕಾದಷ್ಟು ನಿದ್ದೆ ಸಿಗುತ್ತಲ್ಲ’ ಅನ್ನಿಸುತ್ತದೆ. ಲೆಕ್ಕ ಹಾಗಿಲ್ಲ. ಎದೆಹಾಲು ಕುಡಿಯುವ ಎಳೆಮಗು ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಯುತ್ತದೆ. ಎರಡು ಗಂಟೆಗೊಮ್ಮೆ ಅಂದರೆ ಒಂದು ಸಲ ಕುಡಿಯಲು ಶುರು ಮಾಡಿದ್ದರಿಂದ ಮುಂದಿನ ಸಲ ಶುರು ಮಾಡುವವರೆಗೆ ಎರಡು ಗಂಟೆ. ರಾತ್ರಿ ಒಂದು ಗಂಟೆಗೆ ಮಗು ಎದ್ದಿತು ಅಂದುಕೊಳ್ಳಿ. ಅರ್ಧ ಗಂಟೆ ಹಾಲು. ಆಮೇಲೆ ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸಬೇಕು. ಅಷ್ಟರಲ್ಲಿ ಡೈಪರ್ ಒದ್ದೆಯಾಗಿರುತ್ತದೆ. ಬದಲಾಯಿಸುವಾಗ ಮಗು ಪೂರ್ತಿ ಎಚ್ಚರಾಗುತ್ತದೆ. ಮತ್ತೆ ತಟ್ಟಿ, ತೂಗಿ, ಮೆಲ್ಲಗೆ ಮಲಗಿಸಿ, ಉಸಿರು ಬಿಗಿಹಿಡಿದು ಕೈ ಹಿಂದಕ್ಕೆ ತೆಗೆಯುವ ಹೊತ್ತಿಗೆ ಎರಡು ಗಂಟೆ ದಾಟಿರುತ್ತದೆ. ಮುಂದಿನ ಸರದಿ ಮೂರಕ್ಕೆ. ಈ ಮಧ್ಯೆ ಅವಳಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಅದರಲ್ಲೂ ಕಿವಿ ಮಗುವಿನ ಕಡೆಗೇ ಇರುತ್ತದೆ. ಇಂಥ ರಾತ್ರಿಗಳನ್ನು ಅವಳು 11 ವಾರದಿಂದ ಕಳೆಯುತ್ತಿದ್ದಾಳೆ. ಒಟ್ಟು ಎಷ್ಟು ಗಂಟೆ ಮಲಗಿದಳು ಅನ್ನುವುದಕ್ಕಿಂತ ಒಂದೇ ಸಮನೆ ಎಷ್ಟು ಹೊತ್ತು ಮಲಗಿದಳು ಅನ್ನುವುದು ಇಲ್ಲಿ ಮುಖ್ಯ. ತುಂಡು ತುಂಡು ನಿದ್ದೆಯಿಂದ ದಣಿವು ಆರುವುದಿಲ್ಲ. ಹಾಗೆ ಮಲಗಿದವರಿಗೆ ಯಾರ ಮಾತೂ ಚುಚ್ಚುತ್ತದೆ.

ಜರ್ಮನಿಯ ಸಾವಿರಾರು ತಂದೆತಾಯಿಯರ ನಿದ್ದೆಯನ್ನು ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಗು ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ತಾಯಂದಿರ ನಿದ್ದೆ ಬಸಿರಿಗೆ ಮುಂಚಿನದಕ್ಕಿಂತ ದಿನಕ್ಕೆ ಸರಾಸರಿ ಒಂದು ಗಂಟೆ ಕಡಿಮೆಯಾಗಿತ್ತು. ತಂದೆಯಂದಿರದು ಸುಮಾರು 15 ನಿಮಿಷ ಮಾತ್ರ. ಮಗುವಿಗೆ ನಾಲ್ಕರಿಂದ ಆರು ವರ್ಷವಾದರೂ ಇಬ್ಬರ ನಿದ್ದೆಯೂ ಪೂರ್ತಿ ಮೊದಲಿನಂತಾಗಿರಲಿಲ್ಲ. ಇದನ್ನು ನಿಮ್ಮನ್ನು ದೂರಲು ಹೇಳುತ್ತಿಲ್ಲ. ನಿಮ್ಮ ಮನೆಯ ಸುಸ್ತು ಸಮನಾಗಿ ಹಂಚಿಕೆಯಾಗಿಲ್ಲ ಅಂತ ನೀವು ಒಪ್ಪಿಕೊಳ್ಳಬೇಕು, ಅದಕ್ಕೆ ಹೇಳಿದೆ. ‘ನನಗೂ ಸುಸ್ತು’ ಅನ್ನುವ ಮಾತು ಸುಳ್ಳಲ್ಲ. ಆದರೆ ಅವಳ ಎದುರು ಈಗ ಅದು ನಿಲ್ಲುವುದಿಲ್ಲ.

‘ನನಗೆ ಬೆಳಿಗ್ಗೆ ಕೆಲಸ’ ಅಂತ ಬರೆದಿದ್ದೀರಿ. ಅವಳಿಗೂ ಬೆಳಿಗ್ಗೆ ಕೆಲಸವಿದೆ ಅಲ್ವಾ? ಆ ಕೆಲಸದಲ್ಲಿ ಮಧ್ಯಾಹ್ನದ ಬಿಡುವೂ ಇಲ್ಲ, ಭಾನುವಾರವೂ ಇಲ್ಲ. ರಾತ್ರಿಯನ್ನು ಎರಡು ಪಾಲು ಮಾಡಿ. ಒಂಬತ್ತು ಗಂಟೆಗೆ ಅವಳು ಹಾಲು ಕೊಟ್ಟು ನೇರ ಹೋಗಿ ಮಲಗಲಿ. ಅಲ್ಲಿಂದ ಒಂದು ಗಂಟೆಯವರೆಗೆ ಮಗು ನಿಮ್ಮದು. ಅವಳು ಬೇರೆ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಲಗಲಿ. ಮಧ್ಯದಲ್ಲಿ ಹಸಿವಾದರೆ ಮೊದಲೇ ಹಿಂಡಿಟ್ಟ ಎದೆಹಾಲನ್ನು ನೀವು ಕೊಡಬಹುದು. ಮೊದಲ ಕೆಲವು ವಾರ ನಾನು ಈ ಸಲಹೆ ಕೊಡುವುದಿಲ್ಲ. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಬರುತ್ತದೆ. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತೇ ಜಾಸ್ತಿ. ಹಾಗಾಗಿ ಶುರುವಿನಲ್ಲಿ ರಾತ್ರಿಯ ಹಾಲು ತಪ್ಪಿಸಬಾರದು. 11 ವಾರಕ್ಕೆ ಹೆಚ್ಚಿನವರಲ್ಲಿ ಹಾಲು ನೆಲೆಗೊಂಡಿರುತ್ತದೆ. ಆದರೂ ಎದೆ ಬಿಗಿದು ನೋವಾದರೆ ಅವಳು ಎದ್ದು ಸ್ವಲ್ಪ ಹಿಂಡಿ ಮಲಗಲಿ. ಹಿಂಡುವುದೇ ಬೇಡ, ಬಾಟಲಿಯೂ ಬೇಡ ಅಂತ ಅವಳು ಅಂದರೆ ಅದೂ ಸರಿ. ಆಗ ಮಗುವನ್ನು ಅವಳ ಪಕ್ಕಕ್ಕೆ ತಂದುಕೊಡುವುದು, ಕುಡಿದಾದ ಮೇಲೆ ತೇಗು, ಡೈಪರ್, ಮತ್ತೆ ಮಲಗಿಸುವುದು ಎಲ್ಲ ನಿಮ್ಮ ಪಾಲು. ಅವಳು ಹಾಸಿಗೆ ಬಿಟ್ಟು ಏಳುವ ಹಾಗಿರಬಾರದು. ಒಂದು ಗಂಟೆಯ ನಂತರ ಬೆಳಿಗ್ಗೆ ಆರರವರೆಗೆ ನೀವು ಮಲಗಿ. ಐದು ಗಂಟೆಯ ಒಟ್ಟು ನಿದ್ದೆಯಲ್ಲಿ ಆಫೀಸಿನ ಕೆಲಸ ನಡೆಯುತ್ತದೆ. ಅವಳಿಗೆ ದಿನಕ್ಕೆ ನಾಲ್ಕು ಗಂಟೆಯ ಇಡೀ ನಿದ್ದೆ ಸಿಕ್ಕರೆ ಎರಡೇ ವಾರದಲ್ಲಿ ಮುಖದಲ್ಲಿ ಗೊತ್ತಾಗುತ್ತದೆ.

ಮಗುವಿನೊಂದಿಗೆ ರಾತ್ರಿ ಕೂರುವವರು ಒಂದು ವಿಷಯ ಮರೆಯಬಾರದು. ಸೋಫಾ ಮೇಲೆ ಅಥವಾ ಆರಾಮಕುರ್ಚಿಯಲ್ಲಿ ಮಗುವನ್ನು ಎದೆಗೊರಗಿಸಿಕೊಂಡು ನೀವು ನಿದ್ದೆಹೋಗುವುದು ತುಂಬಾ ಅಪಾಯ. ಮಗು ಸಂದಿಗೆ ಜಾರಿ ಉಸಿರು ಕಟ್ಟಬಹುದು. ಕಣ್ಣು ಎಳೆಯುತ್ತಿದೆ ಅನ್ನಿಸಿದ ಕೂಡಲೇ ಮಗುವನ್ನು ಅದರದೇ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಗಟ್ಟಿಯಾದ ಸಮತಟ್ಟು ಹಾಸಿಗೆ ಸಾಕು. ದಿಂಬು, ಮೆತ್ತನೆ ಗೊಂಬೆ, ಸಡಿಲ ಹೊದಿಕೆ ಬೇಡ. ಕೋಣೆ ದೊಡ್ಡವರದೇ ಆಗಿರಲಿ, ಹಾಸಿಗೆ ಮಾತ್ರ ಬೇರೆ.

ಇನ್ನು ನಿಮ್ಮ ‘ಏನು ಮಾಡಲಿ, ಹೇಳು’. ನೀವು ಒಳ್ಳೆ ಮನಸ್ಸಿನಿಂದಲೇ ಕೇಳುತ್ತೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪ್ರಶ್ನೆ ಕಿವಿಗೆ ಬಿದ್ದಾಗ ಅವಳ ತಲೆಯಲ್ಲಿ ಏನಾಗುತ್ತದೆ ನೋಡಿ. ಮಗುವಿಗೆ ಲಸಿಕೆ ಹಾಕಿಸಲು ಹೋಗಬೇಕು ಅಂದುಕೊಳ್ಳಿ. ನಿಮ್ಮ ಪಾಲಿಗೆ ಅದು ಗಾಡಿ ತೆಗೆದು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಅವಳ ಪಾಲಿಗೆ ಅದು ನಾಲ್ಕು ದಿನ ಮುಂಚೆಯೇ ಶುರುವಾಗಿದೆ. ತಾರೀಕು ನೆನಪಿಡಬೇಕು. ಲಸಿಕೆಯ ಚೀಟಿ ಎಲ್ಲಿದೆ ನೋಡಬೇಕು. ಮಗು ಯಾವ ಹೊತ್ತಿಗೆ ಕುಡಿದರೆ ಅಲ್ಲಿ ಸರದಿಯಲ್ಲಿ ಅಳುವುದಿಲ್ಲ ಅಂತ ಲೆಕ್ಕ ಹಾಕಬೇಕು. ಚೀಲದಲ್ಲಿ ಡೈಪರ್ ಎಷ್ಟಿದೆ, ಒಂದು ಜೊತೆ ಬಟ್ಟೆ ಜಾಸ್ತಿ ಇದೆಯಾ, ಒರೆಸುವ ಬಟ್ಟೆ ಒಗೆದಿದೆಯಾ ನೋಡಬೇಕು. ಹೋದ ಸಲ ಜ್ವರ ಬಂದಾಗ ಡಾಕ್ಟರು ಏನು ಹೇಳಿದ್ದರು, ಆ ಔಷಧಿ ಮನೆಯಲ್ಲಿ ಉಳಿದಿದೆಯಾ, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ತಲೆಯಲ್ಲಿರಬೇಕು. ಇಷ್ಟೆಲ್ಲ ಮುಗಿಸಿ ಹೊರಡುವ ಹೊತ್ತಿಗೆ ನೀವು ‘ಏನು ಮಾಡಲಿ?’ ಅಂತೀರಿ. ಆಗ ನಿಮಗೆ ಕೆಲಸ ಹುಡುಕಿ ಕೊಡುವುದೂ ಅವಳ ಕೆಲಸವಾಯಿತು. ಹೇಳಬೇಕು, ಹೇಗೆ ಅಂತ ವಿವರಿಸಬೇಕು, ಆಯಿತಾ ಅಂತ ಆಮೇಲೆ ಕೇಳಬೇಕು. ಅದಕ್ಕಿಂತ ತಾನೇ ಮಾಡುವುದು ಸುಲಭ ಅಂತ ಮಾಡಿಬಿಡುತ್ತಾಳೆ. ಸಿಟ್ಟು ಮಾತ್ರ ಉಳಿಯುತ್ತದೆ.

ಅವಳಿಗೆ ಬೇಕಾಗಿರುವುದು ಇನ್ನೊಂದು ಜೊತೆ ಕೈಗಿಂತ ಹೆಚ್ಚಾಗಿ ಇನ್ನೊಂದು ತಲೆ. ಹಾಗಾಗಿ ಬಿಡಿ ಬಿಡಿ ಕೆಲಸ ಕೇಳಬೇಡಿ. ಕೆಲವು ಜವಾಬ್ದಾರಿಗಳನ್ನು ಬುಡಸಮೇತ ತೆಗೆದುಕೊಳ್ಳಿ. ಲಸಿಕೆ ಮತ್ತು ಡಾಕ್ಟರ ಭೇಟಿ ಪೂರ್ತಿ ನಿಮ್ಮದಾಗಲಿ. ತಾರೀಕು, ಚೀಟಿ, ಚೀಲ, ಔಷಧಿ, ಮುಂದಿನ ಲಸಿಕೆ ಯಾವಾಗ ಅನ್ನುವುದು ಎಲ್ಲವೂ. ಅವಳು ಆ ವಿಷಯ ನೆನಪಿಟ್ಟುಕೊಳ್ಳುವುದನ್ನೇ ಬಿಡಬಹುದು ಅನ್ನುವಷ್ಟು. ಮಗುವಿನ ಬಟ್ಟೆಯೂ ನಿಮ್ಮದಾಗಲಿ. ಒಗೆದು, ಒಣಗಿಸಿ, ಮಡಚಿದರೆ ಮುಗಿಯಿತು ಅಂದುಕೊಳ್ಳಬೇಡಿ. ಯಾವುದು ಬಿಗಿಯಾಗುತ್ತಿದೆ, ಮುಂದಿನ ಅಳತೆ ಯಾವಾಗ ಬೇಕು ಅನ್ನುವುದೂ ಅದರಲ್ಲಿ ಸೇರಿದೆ. ಡೈಪರ್ ಮುಗಿದ ಮೇಲೆ ಓಡಿಹೋಗಿ ತರುವವನು ಬೇರೆ, ಇನ್ನು ಹತ್ತೇ ಉಳಿದಿದೆ ಅಂತ ಗೊತ್ತಿರುವವನು ಬೇರೆ. ನೀವು ಎರಡನೆಯವನಾಗಿ. ಅವಳ ಜೊತೆ ಕುಳಿತು ಯಾವುದು ಯಾರದು ಅಂತ ಒಂದು ಸಲ ಮಾತಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ ಅದು. ಹಗಲು ಹೊತ್ತು, ಮಗು ಮಲಗಿದಾಗ, ಇಬ್ಬರೂ ಉಂಡ ಮೇಲೆ ಆಗಲಿ. ರಾತ್ರಿ ಹತ್ತರ ನಂತರ ನಿಮ್ಮ ಮನೆಯಲ್ಲಿ ಯಾವ ತೀರ್ಮಾನವೂ ಬೇಡ. ನಿದ್ದೆಗಣ್ಣಿನಲ್ಲಿ ಆಡಿದ ಮಾತನ್ನು ಬೆಳಿಗ್ಗೆ ಲೆಕ್ಕಕ್ಕೆ ಹಿಡಿಯುವುದೂ ಬೇಡ.

ಈಗ ಅವಳ ಪಾಲಿನದು. ಈ ಭಾಗವನ್ನು ಅವಳಿಗೆ ಓದಲು ಕೊಡಿ. ‘ನೋಡು, ತಜ್ಞರೇ ಹೇಳಿದ್ದಾರೆ’ ಅಂತ ಮಾತ್ರ ಅನ್ನಬೇಡಿ, ಸುಮ್ನೆ ಕೊಡಿ.

ಅಮ್ಮಾ, ಗಂಡ ಮಗುವಿಗೆ ಅಂಗಿ ಹಾಕುವಾಗ ನಿಮಗೆ ಕೈ ಕಡಿಯುತ್ತದೆ, ನನಗೆ ಗೊತ್ತು. ನಿಮಗೆ ಒಂದು ನಿಮಿಷದ ಕೆಲಸ, ಅವರಿಗೆ ಐದು ನಿಮಿಷ. ಗುಂಡಿ ತಪ್ಪು ಹಾಕುತ್ತಾರೆ. ಮಗು ರಾಗ ತೆಗೆಯುತ್ತದೆ. ‘ಹಾಗಲ್ಲ, ಕೊಡಿ ಇಲ್ಲಿ’ ಅನ್ನುವುದು ಬಾಯಿಗೆ ಬಂದೇ ಬರುತ್ತದೆ. ಆದರೆ ನಿಮಗೂ ಈ ಕೆಲಸ ಹುಟ್ಟುತ್ತಲೇ ಬಂದದ್ದಲ್ಲ. ಮೊದಲ ವಾರದಲ್ಲಿ ನಿಮ್ಮ ಕೈಯೂ ನಡುಗಿರುತ್ತದೆ. ಸಾವಿರ ಸಲ ಮಾಡಿ ಮಾಡಿ ಕೈ ಪಳಗಿತು. ಆ ಸಾವಿರ ಸಲ ಅವರಿಗೂ ಸಿಗಬೇಕು. ನಿಮ್ಮ ಕಣ್ಣೆದುರು ಸಿಗುವುದಿಲ್ಲ. ಹಾಗಾಗಿ ಅವರ ಕೈಗೆ ಮಗು ಕೊಟ್ಟು ನೀವು ಆ ಕೋಣೆಯಿಂದ ಹೊರಗೆ ಹೋಗಿ. ಮಗು ಬೀಳುವ, ಉಸಿರು ಕಟ್ಟುವ, ಸುಟ್ಟುಕೊಳ್ಳುವ ಭಯವಿದ್ದರೆ ಕೂಗಿ. ಉಳಿದದ್ದೆಲ್ಲ ಅವರ ರೀತಿಯಲ್ಲಿ ಆಗಲಿ. ಅಂಗಿ ತಿರುಗುಮುರುಗಾದರೆ ಮಗುವಿಗೆ ಏನೂ ಆಗುವುದಿಲ್ಲ.

ಇದನ್ನು ಮನಸ್ಸು ಸಮಾಧಾನವಾಗಲಿ ಅಂತ ಹೇಳುತ್ತಿಲ್ಲ. ಮಗುವಿನ ಆರೈಕೆ ಮಾಡುವ ಗಂಡಸಿನ ದೇಹವೇ ಬದಲಾಗುತ್ತದೆ. ಫಿಲಿಪ್ಪೀನ್ಸ್‌ನ ಸೆಬು ನಗರದ ಯುವಕರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆಯಾದವರಲ್ಲಿ ಗಂಡಸರ ಮುಖ್ಯ ಹಾರ್ಮೋನಾದ ಟೆಸ್ಟೋಸ್ಟೆರೋನ್ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಜಾಸ್ತಿ ಮಗುವಿನ ಆರೈಕೆ ಮಾಡುವವರಲ್ಲಿ ಅದು ಇನ್ನೂ ಕಡಿಮೆಯಿತ್ತು. ಹೆರಿಗೆ, ಹಾಲೂಡಿಕೆ, ಮಗುವಿನ ನಂಟು ಇವುಗಳಲ್ಲಿ ಪಾತ್ರವಿರುವ ಹಾರ್ಮೋನು ಆಕ್ಸಿಟೋಸಿನ್. ಇಸ್ರೇಲಿನ ಸಂಶೋಧಕಿ ರೂತ್ ಫೆಲ್ಡ್‌ಮನ್ ಅವರ ತಂಡ ಮೊದಲ ಆರು ತಿಂಗಳಲ್ಲಿ ತಂದೆತಾಯಿಯರಲ್ಲಿ ಅದನ್ನು ಅಳೆದು ನೋಡಿತು. ಹೆರದೆ, ಹಾಲೂಡಿಸದೆ ಇದ್ದ ತಂದೆಯಂದಿರಲ್ಲೂ ಅದು ತಾಯಂದಿರಷ್ಟೇ ಇತ್ತು. ಎತ್ತಿ ಆಡಿಸುವ ಕೈಗೆ ಮಗುವಿನ ನಂಟು ಬೆಳೆಯುತ್ತದೆ.

ಇನ್ನು ಮತ್ತೆ ನಿಮಗೆ. ಸಂಜೆ ನಿಮ್ಮ ತೋಳಿನಲ್ಲಿ ಮಗು ಅಳುವುದನ್ನು ಓದಿ ನನಗೆ ಸಂಕಟವಾಯಿತು. ಅದನ್ನು ನೀವು ‘ನನ್ನನ್ನು ಕಂಡರೆ ಆಗುವುದಿಲ್ಲ’ ಅಂತ ತಿಳಿದುಕೊಂಡಿರಬಹುದು. ಈ ವಯಸ್ಸಿನಲ್ಲಿ ಮಗುವಿಗೆ ಹಾಗೆ ಆರಿಸುವ ಬುದ್ಧಿ ಇರುವುದಿಲ್ಲ. ಬೇರೆಯವರ ಹತ್ತಿರ ಹೋಗಲ್ಲ ಅಂತ ಹಠ ಹಿಡಿಯುವುದು ಸಾಮಾನ್ಯವಾಗಿ ಆರೇಳು ತಿಂಗಳ ನಂತರ. ಈಗಿನ ಅಳು ಬೇರೆಯದು. ಎಳೆಮಕ್ಕಳ ಅಳು ಎರಡನೇ ವಾರದ ಹೊತ್ತಿಗೆ ಏರಲು ಶುರುವಾಗಿ, ಸುಮಾರು ಆರನೇ ವಾರಕ್ಕೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಹೆಚ್ಚಾಗಿ ಸಂಜೆಯೇ ಅಳುತ್ತವೆ. ನೀವು ಆಫೀಸಿನಿಂದ ಬರುವುದೂ ಸಂಜೆಯೇ. ಮಗುವಿನ ದಿನದಲ್ಲಿ ಅತಿ ಕಷ್ಟದ ಹೊತ್ತು ಯಾವುದೋ ಅದೇ ಹೊತ್ತು ನಿಮಗೆ ಸಿಗುತ್ತಿದೆ. ಬೆಳಿಗ್ಗೆ ಆರರಿಂದ ಏಳು ಗಂಟೆ, ಮಗು ಕುಡಿದು ಹೊಟ್ಟೆ ತುಂಬಿ ಕೈಕಾಲು ಆಡಿಸುವ ಹೊತ್ತು. ಅದನ್ನು ನಿಮ್ಮದಾಗಿ ಮಾಡಿಕೊಳ್ಳಿ. ಮುಖ ಹತ್ತಿರ ತಂದು ಮಾತಾಡಿಸಿ. ಈ ವಯಸ್ಸಿನಲ್ಲಿ ನಗುವಿಗೆ ನಗು ಕೊಡುತ್ತವೆ. ಅವಳಿಗೂ ಒಂದು ಗಂಟೆ ಜಾಸ್ತಿ ನಿದ್ದೆ.

ಸಂಜೆಯ ಅಳುವಿಗೆ ಒಂದು ಉಪಾಯ ಹೇಳುತ್ತೇನೆ. ಜಪಾನಿನ ಸಂಶೋಧಕರು 2022ರಲ್ಲಿ 21 ಮಕ್ಕಳ ಮೇಲೆ ನೋಡಿದ್ದು ಇದು. ಅಳುವ ಮಗುವನ್ನು ಎದೆಗೆ ಒತ್ತಿ ಹಿಡಿದು ಐದು ನಿಮಿಷ ನಡೆಯಬೇಕು. ಒಂದೇ ಹದದಲ್ಲಿ, ತಟಕ್ಕನೆ ತಿರುಗದೆ, ನಿಲ್ಲದೆ. ಹೆಚ್ಚಿನ ಮಕ್ಕಳು ಸುಮ್ಮನಾದವು, ಅರ್ಧದಷ್ಟು ಮಕ್ಕಳಿಗೆ ನಿದ್ದೆಯೇ ಬಂತು. ಆದರೆ ಕೂಡಲೇ ಹಾಸಿಗೆಗೆ ಹಾಕಿದರೆ ಹಲವು ಎಚ್ಚರಾಗುತ್ತಿದ್ದವು. ಎದೆಯಿಂದ ಬೇರೆಯಾಗುವ ಕ್ಷಣವೇ ಅವುಗಳಿಗೆ ಗೊತ್ತಾಗುತ್ತದೆ. ಅದಕ್ಕೆ ನಿದ್ದೆ ಬಂದ ಮೇಲೂ ಐದರಿಂದ ಎಂಟು ನಿಮಿಷ ಹಾಗೇ ಎತ್ತಿಕೊಂಡು ಕೂತಿರಬೇಕು, ಆಮೇಲೆ ಮಲಗಿಸಬೇಕು. ಇದು ಎಲ್ಲ ಮಕ್ಕಳಿಗೂ ಪ್ರತಿ ಸಲವೂ ನಡೆಯುವುದಿಲ್ಲ. ಆದರೆ ಇದಕ್ಕೆ ಹಾಲು ಬೇಕಿಲ್ಲ, ನೀವೊಬ್ಬರೇ ಮಾಡಬಹುದು.

ಏನು ಮಾಡಿದರೂ ಅಳು ನಿಲ್ಲದ ಸಂಜೆಗಳು ಬರುತ್ತವೆ. ಹಸಿವಿಲ್ಲ, ಒದ್ದೆಯಿಲ್ಲ, ಜ್ವರವಿಲ್ಲ, ಆದರೂ ಅಳು. ನಿಮ್ಮ ಕೈ ಬಿಗಿಯಾಗುತ್ತಿದೆ, ಹಲ್ಲು ಕಚ್ಚುತ್ತಿದ್ದೀರಿ ಅನ್ನಿಸಿದರೆ ಮಗುವನ್ನು ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸಿ, ಹತ್ತು ನಿಮಿಷ ಪಕ್ಕದ ಕೋಣೆಗೆ ಹೋಗಿ. ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಅಲುಗಾಡಿಸಿದರೆ ಆಗುತ್ತದೆ. ಸಿಟ್ಟಿನಲ್ಲಿ ಕೆಲವೇ ಸೆಕೆಂಡು ಜೋರಾಗಿ ಅಲುಗಾಡಿಸಿದರೂ ಮಿದುಳಿನಲ್ಲಿ ರಕ್ತಸ್ರಾವವಾಗಿ ಕಣ್ಣು ಹೋಗಬಹುದು, ಜೀವವೇ ಹೋಗಬಹುದು. ಮಗುವನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದನ್ನು ಬಾಯಿಬಿಟ್ಟು ಹೇಳಿ. ಅಳುವಿನ ಜೊತೆ ಮೈ ಬಿಸಿಯಿದ್ದರೆ ಅಳೆದು ನೋಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್, ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು. ಆಗಲೇ ಡಾಕ್ಟರ ಹತ್ತಿರ ಹೋಗಿ.

ಅಮ್ಮಂದಿರ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಅಮ್ಮನಿಗೆ ಹೇಳಬೇಕಾದದ್ದನ್ನು ನೀವೇ ಹೇಳಿ, ಅವರ ಅಮ್ಮನಿಗೆ ಅವಳು ಹೇಳಲಿ. ಸೊಸೆ ಬಾಯಿಂದ ಬಂದರೆ ಎದುರುತ್ತರ ಆಗುವ ಮಾತು ಮಗನ ಬಾಯಿಂದ ಬಂದರೆ ಬರೀ ಮಾತಾಗಿರುತ್ತದೆ. ‘ನಾವು ಸಾಕಲಿಲ್ವಾ?’ ಅಂದಾಗ ವಾದಕ್ಕಿಳಿಯಬೇಡಿ. ‘ಸಾಕಿದ್ದೀಯಮ್ಮ, ಇದನ್ನು ಡಾಕ್ಟರು ಹೀಗೆ ಮಾಡಿ ಅಂದಿದ್ದಾರೆ’ ಅನ್ನಿ. ಮತ್ತೆ, ಹೆಂಡತಿ ಇಲ್ಲದಾಗ ಅವಳ ಬಗ್ಗೆ ಅಮ್ಮನ ಹತ್ತಿರ ಹೇಳಿಕೊಳ್ಳಬೇಡಿ. ನೀವು ನಾಳೆ ಮರೆಯುತ್ತೀರಿ, ಅಮ್ಮ ಮರೆಯುವುದಿಲ್ಲ.

ಕೈ ಹಿಡಿದರೆ ಸರಿದುಕೊಳ್ಳುತ್ತಾಳೆ ಅಂದಿರಿ. ಹಾಲೂಡಿಸುವ ಕಾಲದಲ್ಲಿ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಿರುತ್ತದೆ. ಯೋನಿ ಒಣಗಿರುತ್ತದೆ, ಆಸೆಯೂ ಇಳಿದಿರುತ್ತದೆ. ಹೊಲಿಗೆ ಮಾಯ್ದಿದ್ದರೂ ನೋವಿನ ಹೆದರಿಕೆ ಇರುತ್ತದೆ. ಇದಲ್ಲದೆ ಬೆಳಗಿಂದ ರಾತ್ರಿಯವರೆಗೆ ಒಂದು ಜೀವ ಅವಳ ಮೈಗೆ ಅಂಟಿಕೊಂಡೇ ಇರುತ್ತದೆ. ಸಂಜೆಯಾದರೆ ‘ನನ್ನ ಮೈ ನನಗೆ ಒಂದು ಗಂಟೆ ಸಿಗಲಿ’ ಅನ್ನಿಸುತ್ತದೆ. ಅದರಲ್ಲಿ ನಿಮ್ಮ ಮೇಲಿನ ಬೇಸರವಿಲ್ಲ. ಹೆರಿಗೆಯಾಗಿ ಆರು ವಾರಕ್ಕೆ ಡಾಕ್ಟರು ನೋಡಿ ‘ಎಲ್ಲ ಸರಿಯಿದೆ’ ಅಂದದ್ದು ದೇಹದ ಗಾಯದ ಬಗ್ಗೆ ಮಾತ್ರ. ಮನಸ್ಸಿಗೆ ಅವಳದೇ ಸಮಯ ಬೇಕು. ಒಂದು ಮಾತು ಬಾಯಿಬಿಟ್ಟು ಹೇಳಿ: ‘ಕೈ ಹಿಡಿದರೆ ಕೈ ಹಿಡಿದದ್ದು ಅಷ್ಟೇ, ಮುಂದಕ್ಕೆ ಏನೂ ಕೇಳಲ್ಲ.’ ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಮುಂದೆ ಏನೋ ಬರುತ್ತದೆ ಅನ್ನುವ ಹೆದರಿಕೆ ಹೋದರೆ ಸರಿದುಕೊಳ್ಳುವುದೂ ನಿಲ್ಲುತ್ತದೆ. ಮತ್ತೆ ಹತ್ತಿರವಾದಾಗ ಜಾರುವಿಕೆಗೆ ಜೆಲ್ ಬಳಸಿ. ಗರ್ಭ ತಡೆಯ ವಿಷಯವನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಮುಟ್ಟು ಶುರುವಾಗುವ ಮುಂಚೆಯೇ ಅಂಡ ಬಿಡುಗಡೆಯಾಗಬಹುದು, ಹಾಗಾಗಿ ‘ಇನ್ನೂ ಮುಟ್ಟಾಗಿಲ್ಲ’ ಅನ್ನುವುದನ್ನು ನಂಬಿ ಕೂರಬೇಡಿ. ಒಂದು ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಅಂತರವಿರಲಿ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನನಗೆ ನಿಜವಾಗಿ ಚಿಂತೆ ಹಚ್ಚಿದ ಸಾಲು ಬೇರೆ. ‘ಆಫೀಸು ಮುಗಿದರೂ ಮನೆಗೆ ಹೊರಡಲು ಮನಸ್ಸಾಗುವುದಿಲ್ಲ.’

ಹೆರಿಗೆಯ ನಂತರದ ಖಿನ್ನತೆ ಅಂದರೆ ಎಲ್ಲರಿಗೂ ತಾಯಿಯೇ ನೆನಪಾಗುತ್ತಾಳೆ. ತಂದೆಗೂ ಅದು ಬರುತ್ತದೆ. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಸುಮಾರು ಹತ್ತು ತಂದೆಯರಲ್ಲಿ ಒಬ್ಬರಿಗೆ ಖಿನ್ನತೆ ಇತ್ತು. ಅತಿ ಹೆಚ್ಚು ಕಂಡದ್ದು ಮಗುವಿಗೆ ಮೂರರಿಂದ ಆರು ತಿಂಗಳಿದ್ದಾಗ. ನಿಮ್ಮ ಮಗು ಆ ವಯಸ್ಸಿಗೇ ಕಾಲಿಡುತ್ತಿದೆ. ಗಂಡಸರಲ್ಲಿ ಇದು ಅಳುವಾಗಿ ಕಾಣುವುದು ಕಡಿಮೆ. ಸಿಡುಕು, ಕೆಲಸದಲ್ಲೇ ಮುಳುಗುವುದು, ಮನೆಯಲ್ಲಿದ್ದಷ್ಟು ಹೊತ್ತೂ ಫೋನು, ಜಾಸ್ತಿ ಕುಡಿತ, ‘ನಾನಿಲ್ಲದಿದ್ದರೂ ಇಲ್ಲಿ ಏನೂ ನಿಲ್ಲಲ್ಲ’ ಅನ್ನುವ ಯೋಚನೆ, ಹೀಗೆ ಕಾಣುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ನೀವೂ ಡಾಕ್ಟರನ್ನು ನೋಡಿ. ಅವಳ ಕಷ್ಟದ ಮುಂದೆ ನನ್ನದೇನು ಮಹಾ ಅಂತ ಬಿಟ್ಟುಬಿಡಬೇಡಿ. ತಂದೆ ಕುಸಿದರೆ ಅವಳ ಭಾರ ಇನ್ನೂ ಹೆಚ್ಚುತ್ತದೆ.

ಅವಳನ್ನೂ ಇದೇ ಕಣ್ಣಿನಿಂದ ನೋಡಿ. ಹೆರಿಗೆಯಾದ ಎರಡು ಮೂರನೇ ದಿನದಿಂದ ಸುಮ್ಮಸುಮ್ಮನೆ ಅಳು ಬರುವುದು ಹೆಚ್ಚಿನ ಬಾಣಂತಿಯರಲ್ಲಿ ಇದ್ದದ್ದೇ. ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ನಿಮ್ಮದು 11ನೇ ವಾರ. ಮಗು ಮಲಗಿದ್ದರೂ ಅವಳಿಗೆ ನಿದ್ದೆ ಬರುವುದಿಲ್ಲವಾ? ಮೊದಲು ಇಷ್ಟಪಡುತ್ತಿದ್ದದ್ದು ಯಾವುದೂ ಬೇಡವಾಗಿದೆಯಾ? ತಾನು ಒಳ್ಳೆ ತಾಯಿಯಲ್ಲ ಅಂತ ಪದೇ ಪದೇ ಅನ್ನುತ್ತಾಳಾ? ಇವುಗಳಲ್ಲಿ ಒಂದಕ್ಕೆ ಹೌದು ಅನ್ನಿಸಿದರೂ ಕಾಯಬೇಡಿ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೊ ಮಾಪಕ ಅಂತ ಒಂದು ಪ್ರಶ್ನಾವಳಿ ಇದೆ. 1987ರಿಂದ ಬಳಕೆಯಲ್ಲಿದೆ. ಹತ್ತೇ ಪ್ರಶ್ನೆ, ಕಳೆದ ಏಳು ದಿನ ಹೇಗನ್ನಿಸಿತು ಅಂತ ಕೇಳುತ್ತದೆ. ಐದು ನಿಮಿಷದಲ್ಲಿ ಮುಗಿಯುತ್ತದೆ. ಡಾಕ್ಟರು ಅದರಿಂದ ಶುರು ಮಾಡಬಹುದು. ಜೊತೆಗೆ ರಕ್ತ ಕಡಿಮೆಯಿದೆಯಾ, ಥೈರಾಯ್ಡ್ ಏರುಪೇರಾಗಿದೆಯಾ ಅಂತಲೂ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರ ಎರಡೂ ಕೆಡಬಹುದು, ಎರಡೂ ಸುಸ್ತು, ಸಿಡುಕು, ಬೇಸರವಾಗಿಯೇ ಕಾಣುತ್ತವೆ. ಇಲ್ಲದ ಧ್ವನಿ ಕೇಳಿಸುವುದು, ದಿನಗಟ್ಟಲೆ ನಿದ್ದೆಯೇ ಬೇಡವೆನಿಸುವುದು, ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಮಾತು, ಇವು ಬಂದರೆ ಅದು ತುರ್ತು. ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಿರಿ, ಮಗುವಿನ ಜೊತೆ ಅವಳೊಬ್ಬಳನ್ನೇ ಬಿಡಬೇಡಿ.

ನಿಮ್ಮಂಥ ದಂಪತಿಗಳ ಬಗ್ಗೆ ತುಂಬಾ ಅಧ್ಯಯನ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್. ಮೊದಲ ಮಗುವಾಗಿ ಮೂರು ವರ್ಷದೊಳಗೆ ಸುಮಾರು ಮೂರರಲ್ಲಿ ಎರಡು ಪಾಲು ದಂಪತಿಗಳಿಗೆ ತಮ್ಮ ದಾಂಪತ್ಯ ಮೊದಲಿಗಿಂತ ಸಪ್ಪೆಯಾಗಿದೆ ಅನ್ನಿಸುತ್ತದೆ ಅಂತ ಅವರು ಕಂಡುಕೊಂಡರು. ನನಗೆ ಮುಖ್ಯ ಅನ್ನಿಸುವುದು ಉಳಿದ ಒಂದು ಪಾಲು. ಅವರ ಮಕ್ಕಳೂ ರಾತ್ರಿ ಎದ್ದೇ ಇರುತ್ತವೆ. ಆದರೆ ಅಂಥ ಮನೆಗಳಲ್ಲಿ ಗಂಡ ತನ್ನ ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳುತ್ತಿದ್ದ, ಹೆಂಡತಿಯ ದಿನ ಹೇಗೆ ನಡೆಯುತ್ತಿದೆ ಅಂತ ಅವನಿಗೆ ಗೊತ್ತಿತ್ತು. ಇವತ್ತು ರಾತ್ರಿ ಅವಳಿಗೆ ಹೇಳಲು ನಿಮ್ಮ ಹತ್ತಿರ ಏನಾದರೂ ಇದೆಯಾ ಯೋಚಿಸಿ. ‘ತುಂಬಾ ಕಷ್ಟಪಡ್ತೀಯ’ ಅನ್ನುವುದು ಸಾಲದು. ‘ನಿನ್ನೆ ಮೂರು ಗಂಟೆಗೆ ಮಗು ವಾಂತಿ ಮಾಡಿಕೊಂಡಾಗ ಒಬ್ಬಳೇ ಹಾಸಿಗೆ ಎಲ್ಲ ಬದಲಾಯಿಸಿದೆ, ನನ್ನನ್ನು ಎಬ್ಬಿಸಲೂ ಇಲ್ಲ. ಇನ್ನು ಮೇಲೆ ಎಬ್ಬಿಸು’ ಅನ್ನಿ. ಕಣ್ಣಾರೆ ಕಂಡದ್ದನ್ನು ಹೇಳಿದರೆ ಮನಸ್ಸಿಗೆ ಮುಟ್ಟುತ್ತದೆ.

ಕೊನೆಗೆ ನಿಮ್ಮ ಒಂದು ತಿಂಗಳ ರಜೆ. ನಿಮ್ಮಿಬ್ಬರ ನಡುವೆ ಏನಾದರೂ ನಿಜವಾಗಿ ಬದಲಾಗುವುದಿದ್ದರೆ ಅದು ಈ ತಿಂಗಳಲ್ಲೇ. ಆದರೆ ರಜೆಯ ಮೊದಲ ದಿನವೇ ನೀವು ಮಗುವಿನ ಜೊತೆ ಮೊದಲ ಸಲ ಒಬ್ಬರೇ ಇರುವ ದಿನ ಆಗಬಾರದು. ಈಗಿನಿಂದಲೇ ವಾರಕ್ಕೊಮ್ಮೆ ಅವಳು ಮನೆಯಿಂದ ಹೊರಗೆ ಹೋಗಲಿ. ಮೊದಲು ಒಂದು ಗಂಟೆ, ಆಮೇಲೆ ಎರಡು, ಆಮೇಲೆ ಅರ್ಧ ದಿನ. ಬಾಟಲಿಯನ್ನೋ ಚಿಕ್ಕ ಲೋಟವನ್ನೋ ನೀವೇ ಅಭ್ಯಾಸ ಮಾಡಿಸಿ. ಅಮ್ಮ ಹತ್ತಿರವಿದ್ದರೆ ಕೆಲವು ಮಕ್ಕಳು ಬಾಟಲಿ ಬಾಯಿಗೇ ತೆಗೆದುಕೊಳ್ಳುವುದಿಲ್ಲ, ಅವಳು ಹೊರಗೆ ಹೋದಾಗ ಕುಡಿಯುತ್ತವೆ. ಹಿಂಡಿಟ್ಟ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಫ್ರೀಜರಿನಲ್ಲಿಟ್ಟರೆ ಆರು ತಿಂಗಳೊಳಗೆ ಬಳಸುವುದು ಒಳ್ಳೆಯದು. ಪ್ರತಿ ಡಬ್ಬಿಯ ಮೇಲೂ ತಾರೀಕು ಬರೆಯಿರಿ, ಹಳೆಯದನ್ನು ಮೊದಲು ತೆಗೆಯಿರಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ತಣ್ಣಗಿದ್ದು ಇನ್ನೊಂದು ಕಡೆ ಬಾಯಿ ಸುಡುತ್ತದೆ. ಮಗು ಕುಡಿದು ಬಿಟ್ಟದ್ದನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು.

ಆ ತಿಂಗಳು ನಿಮ್ಮ ಅಮ್ಮನೋ ಅವರ ಅಮ್ಮನೋ ಜೊತೆಗಿದ್ದರೆ ಸಂತೋಷ. ಅಡುಗೆ ಅವರು ಮಾಡಲಿ, ಮಗು ನಿಮ್ಮದಿರಲಿ. ಅವಳು ಕೆಲಸಕ್ಕೆ ಹೋದ ಮೊದಲ ದಿನ ಹತ್ತು ಸಲ ಫೋನ್ ಮಾಡುತ್ತಾಳೆ. ನಂಬಿಕೆಯಿಲ್ಲ ಅಂತ ತಿಳಿಯಬೇಡಿ, ಮಗುವನ್ನು ಬಿಟ್ಟು ಹೋದ ತಾಯಿಗೆ ಎದೆ ತುಂಬಿ ಬರುತ್ತದೆ, ಹಾಲೂ ಸೋರುತ್ತದೆ. ‘ಚೆನ್ನಾಗಿದೆ, ನೀನು ಯೋಚನೆ ಮಾಡ್ಬೇಡ’ ಅಂತ ಮುಗಿಸಬೇಡಿ. ಎಷ್ಟು ಗಂಟೆಗೆ ಎಷ್ಟು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಎದ್ದಾಗ ಏನು ಮಾಡಿತು ಹೇಳಿ. ಅವಳು ಕೇಳುವ ಮುಂಚೆ ನೀವೇ ಹೇಳಿ.